ಒಡ್ಡಿನ ತೂತು, ಒಳಗಿನ ಕಳ್ಳಿಪೀರ

೧೯೮೬. ಆಗ ನಾನು ಕಲಘಟಗಿಯಲ್ಲಿ ಸಣ್ಣ ನೀರಾವರಿ ಕೆಲಸಗಳ ಜೂನಿಯರ್ ಎಂಜಿನಿಯರ್. ಮೇ ಕೊನೆಗೆ ದೇವಿಕೊಪ್ಪದ ಕಾಡಂಚಿನ ಕೆರೆಯ ಒಡ್ಡಿನ ತುಂಬ ತೂತು ಬಿದ್ದಿವೆ ಎಂದು ಸುದ್ದಿ ಬಂತು. ಮುಂಗಾರಿಗೆ ಮುಂಚಿನ ಅಡ್ಡಮಳೆಗೇ ಕೆರೆ ಅರ್ಧ ತುಂಬಿತ್ತು.

ಮಣ್ಣಿನ ಒಡ್ಡಿಗೆ ತೂತೆಂದರೆ ನನಗೆ ಭಯ. ಇಲಿಯ ಬಿಲದ ಜಾಡು ಹಿಡಿದು ನೀರು ಒಳಗೊಳಗೇ ಮಣ್ಣು ಕೊರೆದು ಒಯ್ಯುತ್ತದೆ. ಇದಕ್ಕೆ ಪೈಪಿಂಗ್ ಎನ್ನುತ್ತೇವೆ. ಹೊರಗೆ ಗೊತ್ತಾಗುವ ಹೊತ್ತಿಗೆ ಒಡ್ಡೇ ಇರುವುದಿಲ್ಲ.

ಹೋಗಿ ನೋಡಿದರೆ ಹೊರಮೈಯಲ್ಲಿ ಹದಿನೈದಿಪ್ಪತ್ತು ತೂತು. ಪಶ್ಚಿಮಕ್ಕೆ ಮೋಡ ಕಪ್ಪಿಟ್ಟಿತ್ತು. ಒಡ್ಡಿನ ಕೆಳಗೇ ಬೀಬಿಜಾನ್ ಎಂಬ ಹಿರಿಯಾಕೆಯ ಮನೆ. ಒಳಗೆ ಸೊಸೆ ಹಸಿ ಬಾಣಂತಿ.

“ಖರೇ ಹೇಳ್ರಿ ಸಾಹೇಬ್ರ, ಒಡ್ಡು ನಿಲ್ಲತೈತೇನ್ರಿ?”

“ನೀವು ಮೊದ್ಲ ಊರಾಗಿನ ಕನ್ನಡ ಸಾಲಿಗೆ ನಡೀರಿ,” ಎಂದೆ. ಹೌದೆನ್ನುವ ಧೈರ್ಯ ನನಗಿರಲಿಲ್ಲ.

“ಹಸಿ ಬಾಣಂತಿನ್ನ ಇಂಥಾ ಗಾಳ್ಯಾಗ ಹೊರಗ ತರಂಗಿಲ್ರಿ. ಒಡ್ಡು ನೋಡ್ಕೋರಿ ನೀವು.”

ಇದ್ದದ್ದು ಮೂರು ಆಳು, ಒಂದು ಚಕ್ಕಡಿ ಮರಳು, ಜಲ್ಲಿ. ಸೋರುವ ತೂತನ್ನು ಹೊರಗಿನಿಂದ ಬಿಗಿದು ಮುಚ್ಚಿದರೆ ನೀರು ಬೇರೆ ದಾರಿ ಹುಡುಕುತ್ತದೆ. ಮೊದಲು ಮರಳು, ಮೇಲೆ ಜಲ್ಲಿ ಹೇರಿದರೆ ನೀರಷ್ಟೇ ಹೊರಬರುತ್ತದೆ, ಮಣ್ಣು ಒಳಗೇ ನಿಲ್ಲುತ್ತದೆ. ನಾವು ಫಿಲ್ಟರ್ ಎನ್ನುವುದು ಇದನ್ನೇ. ಆದರೆ ಒಂದು ಚಕ್ಕಡಿ ಸಾಕಾಗುವುದು ಒಂದು ತೂತಿಗೆ. ಯಾವುದಕ್ಕೆ?

ಅಷ್ಟರಲ್ಲಿ ಎದುರಿನ ಒಣಕೊಂಬೆಗೆ ಹಕ್ಕಿಯೊಂದು ಬಂದು ಕೂತಿತು. ಇಟ್ಟಿಗೆ ಬಣ್ಣದ ತಲೆ, ಹಳದಿ ಗಂಟಲು, ಹಸಿರು ರೆಕ್ಕೆ. ಕೊಕ್ಕಿನಲ್ಲಿದ್ದ ಜೇನುನೊಣವನ್ನು ಕೊಂಬೆಗೆ ಬಡಿದು, ಉಜ್ಜಿ, ಮುಳ್ಳು ತೆಗೆದು, ನೇರ ಒಂದು ತೂತಿನೊಳಗೆ ನುಗ್ಗಿತು. ಕಳ್ಳಿಪೀರ! ರಜೆಯಲ್ಲಿ ದುರ್ಬೀನು ಹಿಡಿದು ಅಲೆಯುವ ನನ್ನ ಹುಚ್ಚು ಅಂದು ಕೆಲಸಕ್ಕೆ ಬಂತು. ಹೊಲದ ಹಸಿರು ಕಳ್ಳಿಪೀರಕ್ಕೆ ಬಾಲದ ನಡುವೆ ಸೂಜಿಯಂಥ ಗರಿ ಇರುತ್ತದೆ. ಇದಕ್ಕಿರಲಿಲ್ಲ, ಇದು ಕಾಡಂಚಿನ ಕಂದುತಲೆಯದು. ಒಣಮಣ್ಣು ಕೊರೆದು ಮರಿ ಮಾಡುತ್ತದೆ. ಅದರ ಸುರಂಗ ಒಡ್ಡಿನ ಆಚೆ ಬದಿ ತಲುಪುವುದಿಲ್ಲ, ಅಲ್ಲಿಂದ ನೀರು ಸೋರದು.

ಹಕ್ಕಿ ಹೊಕ್ಕ ತೂತುಗಳನ್ನು ಬಿಡುತ್ತ ಬಂದೆ. ಗುಡುಗು ಹತ್ತಿರವಾಗುತ್ತಿತ್ತು. ಉಳಿದವುಗಳ ಬಾಯಿಗೆ ಬಗ್ಗಿ, ಹಕ್ಕಿಯ ಕಾಲು ತೆವಳಿದ ಜೋಡಿ ಗೆರೆ ಇದೆಯೇ ಎಂದು ನೋಡಿದೆ. ಬುಡದ ಒಂದನ್ನು ಬಿಟ್ಟು ಎಲ್ಲಕ್ಕೂ ಇತ್ತು. ಅದರೊಳಗೆ ಕೈ ಹಾಕಿದರೆ ಮಣ್ಣು ತಣ್ಣಗೆ, ಜಿಗುಟು.

“ಎಲ್ಲಾ ಇದಕ್ಕ ಸುರೀರಿ!”

ಕತ್ತಲಾಗುವ ಮೊದಲೇ ಮಳೆ ಜಡಿಯಿತು. ಹಕ್ಕಿಯನ್ನು ನಂಬಿ ಒಂದು ಕೂಸಿನ ಜೀವ ಪಣಕ್ಕಿಟ್ಟೆನಲ್ಲ ಎಂಬ ಸಂಕಟದಲ್ಲಿ, ನಾನೂ ಬೀಬಿಜಾನ್ ಅವರ ಪಡಸಾಲೆಯಲ್ಲೇ ಕೂತೆ. ಬೆಳಗ್ಗೆ ಜಲ್ಲಿಯಿಂದ ನೀರು ಒಸರುತ್ತಿತ್ತು. ಅಂಗೈಯಲ್ಲಿ ಹಿಡಿದೆ: ತಿಳಿನೀರು, ಮಣ್ಣಿಲ್ಲ. ಉಳಿದ ತೂತುಗಳಿಂದ ಒಂದು ಹನಿಯೂ ಸೋರಿರಲಿಲ್ಲ.

“ಅವನ್ನ ಯಾವಾಗ ಮುಚ್ಚತೀರಿ?”

“ಮರಿ ಹಾರಿದ ಮ್ಯಾಲೆ.”

ಬೀಬಿಜಾನ್ ತೊಟ್ಟಿಲ ಕಡೆ ನೋಡಿದರು. “ಹಂಗಾದ್ರ ಅಲ್ಲೂ ಬಾಣಂತನಾನ ನಡದೈತಿ, ಬಿಡ್ರಿ.”

ಅಂದಿನಿಂದ ಯಾವ ಒಡ್ಡಿಗೆ ಹೋದರೂ ತೂತು ಎಣಿಸುವ ಮೊದಲು, ಅದರೊಳಗೆ ಯಾರಿದ್ದಾರೆ, ಅದರ ಕೆಳಗೆ ಯಾರಿದ್ದಾರೆ ಎಂದು ನೋಡುತ್ತಿದ್ದೆ.