ಮಂಜಿನ ನಡುವೆ ಚಿಮ್ಮಿದ ನಾಣ್ಯ

ಕಳೆದ ವರ್ಷದ ಮಾರ್ಚ್. ನನಗೆ ಇಪ್ಪತ್ತೊಂದು ತುಂಬಲು ಕೆಲವೇ ತಿಂಗಳು ಉಳಿದಿತ್ತು. ನನ್ನ ಸ್ನೇಹಿತೆಯರಿಗೆ ಅದು ಪಾರ್ಟಿ ಮಾಡುವ ವಯಸ್ಸು. ನನಗೆ ಮಾತ್ರ, ಅಮೆರಿಕದ ಕಾಯಂ ವಾಸಕ್ಕಾಗಿ ಅಪ್ಪ ನಿಂತಿದ್ದ ಗ್ರೀನ್ ಕಾರ್ಡ್ ಸಾಲಿನಿಂದ ಹೊರಗೆ ಬೀಳುವ ವಯಸ್ಸು. ಎರಡು ವರ್ಷದವಳಿದ್ದಾಗ ಮೈಸೂರಿನಿಂದ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ಗೆ ಬಂದವಳು ನಾನು. ಭಾರತದಲ್ಲಿ ಹುಟ್ಟಿದವರ ಸಾಲು ಎಷ್ಟು ಉದ್ದವೆಂದರೆ ಅಪ್ಪನ ತಲೆ ನೆರೆತರೂ ನಮ್ಮ ಸರದಿ ಬಂದಿರಲಿಲ್ಲ. ಇಪ್ಪತ್ತೊಂದಾದ ಮೇಲೆ ಕಾನೂನಿನ ಪ್ರಕಾರ ನಾನು ಅವರ ಮಗುವಲ್ಲ. ಬೇರೆ ವೀಸಾ ಸಿಗದಿದ್ದರೆ, ನೆನಪೇ ಇಲ್ಲದ ಊರಿಗೆ "ವಾಪಸ್" ಹೋಗಬೇಕು. ಇಲ್ಲೇ ಹುಟ್ಟಿದ ನನ್ನ ತಂಗಿ, "ಯೂ ಆರ್ ದಿ ಇಂಪೋರ್ಟೆಡ್ ಒನ್, ಅಕ್ಕಾ" ಎಂದು ರೇಗಿಸುತ್ತಿದ್ದಳು. ಮೊದಲೆಲ್ಲ ನಗು ಬರುತ್ತಿತ್ತು.

ಕಾಲೇಜಿನಲ್ಲಿ ನಾನು ಡಿಬೇಟ್ ಮಾಡುತ್ತಿದ್ದೆ. ನಮ್ಮಲ್ಲಿ ಒಂದು ಪದ್ಧತಿ. ವಿಷಯ ಮೊದಲೇ ಗೊತ್ತಿರುತ್ತದೆ, ಆದರೆ ಪರವೋ ವಿರೋಧವೋ ಎಂಬುದು ಅಲ್ಲಿ ನಾಣ್ಯ ಚಿಮ್ಮಿದ ಮೇಲೆಯೇ. ನಿಮ್ಮ ಸ್ವಂತ ನಂಬಿಕೆ ಯಾರಿಗೂ ಬೇಡ. ನನಗದು ಒಗ್ಗಿತ್ತು, ಯಾವುದನ್ನೂ ಸುಲಭಕ್ಕೆ ನಂಬುವ ಪೈಕಿ ನಾನಲ್ಲ. ಆ ಶನಿವಾರ ಮ್ಯಾನ್‌ಹಟನ್‌ನಲ್ಲಿ ಸ್ಪರ್ಧೆಯಿತ್ತು. ಹುಟ್ಟಿದ ದೇಶ ನೋಡಿ ವಲಸಿಗರನ್ನು ಆರಿಸುವ ಹಕ್ಕು ಒಂದು ದೇಶಕ್ಕೆ ಇದೆಯೇ ಎಂಬುದು ವಿಷಯ. ವಿಷಯ ನೋಡಿ ಅಮ್ಮ, "ಇದಕ್ಕೆ ನೀನೇ ಬೇಕಿತ್ತಾ?" ಎಂದಿದ್ದರು.

ಬೆಳಿಗ್ಗೆ ಜೆರ್ಸಿ ದಡದಲ್ಲಿ ನ್ಯೂಯಾರ್ಕಿಗೆ ದಾಟುವ ಫೆರಿ ಹತ್ತಿದಾಗ ಮಂಜು ತೆಳುವಾಗಿತ್ತು. ಅರ್ಧ ದಾರಿಗೆ ಬರುವಷ್ಟರಲ್ಲಿ ಹಿಂದೆ ಜೆರ್ಸಿ ಇರಲಿಲ್ಲ, ಮುಂದೆ ನ್ಯೂಯಾರ್ಕ್ ಇರಲಿಲ್ಲ. ಮಂಜು ಕರಗುವವರೆಗೆ ಕಾಯಬೇಕು ಎಂದು ಹೇಳಿ ದೋಣಿ ನಿಲ್ಲಿಸಿದರು. ನಮ್ಮ ದೋಣಿ ಆಗಾಗ ಹಾರ್ನ್ ಮಾಡುತ್ತಿತ್ತು. ಎಲ್ಲಿಂದಲೋ ಇನ್ನೊಂದು ದೋಣಿ, ನಿದ್ದೆಯಲ್ಲಿ ಕನವರಿಸಿದ ಹಾಗೆ ಉತ್ತರ ಕೊಡುತ್ತಿತ್ತು. ಕಿಟಕಿಯ ಗಾಜಿಗೆ ಬಿಳುಪು ಬಿಟ್ಟರೆ ಏನೂ ಅಂಟಿರಲಿಲ್ಲ. ನಾನು ನನ್ನಷ್ಟಕ್ಕೆ ವಾದ ಒಪ್ಪಿಸತೊಡಗಿದೆ.

"ಯಾರ ಜೊತೆ ಜಗಳ?" ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದ ಚೀನೀ ಮೂಲದ ಅಜ್ಜ ಇಂಗ್ಲಿಷಿನಲ್ಲಿ ಕೇಳಿದರು.

"ನನ್ನ ಜೊತೇನೇ, ಅಂಕಲ್." ಅಂಕಲ್ ಅಂದದ್ದು ನಮ್ಮವರ ಅಭ್ಯಾಸ. ಅವರಿಗೆ ಖುಷಿಯಾಯಿತು.

"ಯಾರು ಗೆಲ್ತಿದ್ದಾರೆ?"

"ಸದ್ಯಕ್ಕೆ ಕಾನೂನು."

ಅವರು ಎರಡು ತೊಳೆ ನನ್ನ ಕೈಗಿಟ್ಟರು. "ಹಾಗಾದರೆ ನನಗೊಂದು ವಾದ ಮಾಡಿಕೊಡು."

ಹೆಂಡತಿ ತೀರಿಕೊಂಡು ವರ್ಷವಾಗಿತ್ತಂತೆ. ನ್ಯೂಯಾರ್ಕಿನ ಕ್ವೀನ್ಸ್‌ನ ಸ್ಮಶಾನಕ್ಕೆ ಇಬ್ಬರಿಗೂ ಸೇರಿ ಒಂದೇ ಸಮಾಧಿ ಕಲ್ಲು ಸಿದ್ಧವಾಗಿದೆ, ಕೆತ್ತುವವರು ಇವತ್ತು ಹೆಸರು ಕೇಳಿದ್ದಾರೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾವ ಹೆಸರು ಬರೆಯಬೇಕು ಎಂಬುದೇ ಅವರ ಸಂಕಟವಾಗಿತ್ತು.

ಅವರ ತಂದೆ ಹುಡುಗನಾಗಿದ್ದ ಕಾಲಕ್ಕೆ ಅಮೆರಿಕದ ಕಾನೂನು ಚೀನೀಯರನ್ನು ಹೊರಗಿಟ್ಟಿತ್ತು. ಇಲ್ಲಿ ಆಗಲೇ ಪೌರರಾಗಿದ್ದವರ ಮಕ್ಕಳಿಗೆ ಮಾತ್ರ ಒಂದು ಕಿಂಡಿ. ಹಾಗಾಗಿ ಮನೆಯವರು ಹುಡುಗನನ್ನು ಅಂಥ ಬೇರೆ ಯಾರದೋ ಮಗ ಎಂದು ಹೇಳಿ, ಅವರ ಮನೆತನದ ಹೆಸರಿಟ್ಟು ಹಡಗು ಹತ್ತಿಸಿದರು. ದಾರಿಯುದ್ದಕ್ಕೂ ಅವನು ಆ ಬೇರೆಯವರ ಮನೆಯನ್ನು ಉರು ಹೊಡೆದ. ಬಾವಿ ಯಾವ ಕಡೆ, ಅಕ್ಕಿ ಎಲ್ಲಿಡುತ್ತಾರೆ, ಪಕ್ಕದ ಮನೆಯ ನಾಯಿಯ ಬಣ್ಣ ಯಾವುದು. ಅಧಿಕಾರಿಗಳು ಹುಡುಗನನ್ನೂ "ಅಪ್ಪ"ನನ್ನೂ ಬೇರೆ ಬೇರೆ ಕೂರಿಸಿ ಕೇಳುತ್ತಿದ್ದರು. ಉತ್ತರ ಹೊಂದಬೇಕು.

"ನಮ್ಮಪ್ಪ ಪಾಸಾದ. ಆದರೆ ಹೆದರಿಕೆ ಹೋಗಲಿಲ್ಲ. ನಾಳೆ ಮಕ್ಕಳನ್ನು ಕೇಳಿದರೆ ಅಂತ, ಮಲಗುವಾಗ ಕಥೆ ಬದಲು ನಮಗೂ ಆ ಮನೆ ಕಲಿಸಿದ. ಬಾವಿ ಎಡಕ್ಕೆ, ಬಾವಿ ಹಿಂದೆ ಲಿಚಿ ಮರ. ಈಗಲೂ ಕನಸಲ್ಲಿ ನಾನು ಓಡಾಡೋದು ಅದೇ ಮನೇಲಿ. ಬರಿಗಾಲಲ್ಲಿ."

ಪಾಟೀಸವಾಲು ಮಾಡುವುದು ನನ್ನ ಚಟ. "ಆ ಮನೆ ನಿಜವಾಗಲೂ ಇತ್ತು ಅಂತ ಏನು ಸಾಕ್ಷಿ?"

"ಹೆಂಡತಿ ಜೊತೆ ಹೋಗಿ ನೋಡಿದೆ. ಲಿಚಿ ಮರ ಇತ್ತು. ಬಾವಿ ಬಲಗಡೆ ಇತ್ತು."

"ಅಂದ್ರೆ ಉತ್ತರ ತಪ್ಪು!"

"ತಪ್ಪೇ. ಆದರೆ ನಮ್ಮಪ್ಪನೂ ಆ ಸುಳ್ಳು ಅಪ್ಪನೂ ಒಂದೇ ತಪ್ಪು ಹೇಳಿದ್ದರು. ಅಧಿಕಾರಿಗಳಿಗೆ ಬೇಕಾಗಿದ್ದದ್ದು ಅಷ್ಟೇ." ನಗುತ್ತಾ ಕಣ್ಣೊರೆಸಿಕೊಂಡರು. "ನೋಡು, ಅಮೆರಿಕನ್ ಆಗೋಕೆ ನಮ್ಮಪ್ಪ ಮೊದಲು ಬೇರೆ ಯಾವನೋ ಚೀನೀಯ ಆಗಬೇಕಾಯ್ತು."

ತಂದೆ ಸಾಯುವ ಮುನ್ನ ಆಸ್ಪತ್ರೆಯಲ್ಲಿ, ನಿಜವಾದ ಮನೆತನದ ಹೆಸರನ್ನು ಮಗನ ಕಿವಿಯಲ್ಲಿ ಒಂದೇ ಒಂದು ಸಲ ಹೇಳಿದ್ದರು. ಕಲ್ಲಿನ ಮೇಲೆ ಯಾವುದಿರಬೇಕು?

ನಾನು ಪರ್ಸಿನಿಂದ ನಾಣ್ಯ ತೆಗೆದೆ. ಚಿಮ್ಮಿದ್ದು ಒಂದು ಕ್ಷಣ ಕಿಟಕಿಯ ಆ ಬಿಳುಪಿನಲ್ಲಿ ಕಾಣದಾಗಿ ಮತ್ತೆ ಅಂಗೈಗೆ ಬಿತ್ತು. ನನ್ನ ಪಾಲಿಗೆ ಸುಳ್ಳು ಹೆಸರು ಬಂತು.

"ಆಂಟಿ ಮದುವೆಯಾಗಿದ್ದು ಯಾವ ಹೆಸರಿನವರನ್ನ?" ಎಂದು ಶುರು ಮಾಡಿದೆ. "ಜೀವನಪೂರ್ತಿ ಜನ ಅವರನ್ನ ಕರೆದದ್ದು ಈ ಸುಳ್ಳು ಹೆಸರಿಂದಲೇ. ನಿಮ್ಮ ಮಕ್ಕಳಿಗೆ ಇರೋದೂ ಅದೇ. ಸುಳ್ಳು ಹೇಳಿಸಿದ್ದು ಕಾನೂನು. ಅದನ್ನ ಬದುಕಿ ನಿಜ ಮಾಡಿದ್ದು ನೀವು. ಈಗ ಬೇರೆ ಹೆಸರಿಂದ ಕೂಗಿದರೆ ಆಂಟಿ ತಿರುಗಿ ನೋಡ್ತಾರಾ?"

ಹಾರ್ನ್ ಆಯಿತು. ದೂರದ್ದು ಉತ್ತರ ಕೊಟ್ಟಿತು.

"ಚೆನ್ನಾಗಿ ಹೇಳಿದೆ," ಎಂದರು ಅಜ್ಜ. "ಈಗ ನನ್ನ ಕಡೆಯದು. 'ನೀವು ಬೇಡ' ಅಂತ ನಮ್ಮನ್ನ ಹೊರಗಿಟ್ಟವರಿಗೆ ಹೆದರಿ ಇಟ್ಟುಕೊಂಡ ಹೆಸರು ಅದು. ಸತ್ತ ಮೇಲೂ ಹೆದರಬೇಕಾ?"

ನಾನು ನಾಣ್ಯವನ್ನು ಮತ್ತೆ ಪರ್ಸಿಗೆ ಹಾಕಿದೆ.

"ಕಲ್ಲಿನ ಮುಂದೆ ಇಂಗ್ಲಿಷಿನಲ್ಲಿ ನೀನು ವಾದಿಸಿದ ಹೆಸರು. ಹಿಂದೆ ಚೀನೀ ಅಕ್ಷರದಲ್ಲಿ ಅಪ್ಪ ಕಿವಿಯಲ್ಲಿ ಹೇಳಿದ ಹೆಸರು," ಎಂದರು ಅವರು ಕೊನೆಗೆ.

"ಎರಡೂ ಅನ್ನೋದು ತೀರ್ಪಲ್ಲ, ಅಂಕಲ್. ಡಿಬೇಟಲ್ಲಿ ನಡೆಯಲ್ಲ."

"ಡಿಬೇಟಿಗೆ ಹಿಂಭಾಗ ಇರಲ್ಲ. ಕಲ್ಲಿಗಿದೆ." ಕಿತ್ತಳೆ ಸಿಪ್ಪೆಯನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಕೇಳಿದರು, "ನಿಮ್ಮ ಮನೆ ಎಲ್ಲಿ?"

ಯಾಕೋ ವುಡ್‌ಬ್ರಿಡ್ಜ್ ಎಂದು ಬಾಯಿಗೆ ಬರಲಿಲ್ಲ. ಮೈಸೂರಿನ ಸರಸ್ವತಿಪುರಂನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ ಎಂದೆ. ಗೇಟಿನ ಎಡಕ್ಕೆ ಪಾರಿಜಾತದ ಗಿಡ, ಮೆಟ್ಟಿಲ ಕೆಳಗೆ ನೀರಿನ ಸಂಪು, ಹಸಿರು ಬಣ್ಣದ ಅಡುಗೆಮನೆ ಕಿಟಕಿ. ಒಂದೂ ತಡವರಿಸದೆ ಹೇಳಿದೆ.

"ನೋಡಿದ ನೆನಪಿದೆಯಾ?"

"ಇಲ್ಲ. ಆಗ ಎರಡು ವರ್ಷ ನನಗೆ. ಅಮ್ಮ ಹೇಳಿದ್ದು."

"ಹಾಗಾದರೆ ನಿನಗೂ ಕಲಿಸಿದ್ದಾರೆ," ಎಂದರು ಮೆಲ್ಲಗೆ.

ಮಂಜು ಮೇಲಿನಿಂದ ಕರಗತೊಡಗಿತು. ಮೊದಲು ಕಟ್ಟಡಗಳ ತುದಿ ಮಾತ್ರ ಕಂಡವು, ಕೆಳಗೆ ನೆಲವಿಲ್ಲದೆ ತೂಗುತ್ತಿದ್ದ ಹಾಗೆ. ದಡದಲ್ಲಿ ಅವರು ಕೈ ಬೀಸಿ ಜನರ ನಡುವೆ ಹೋದರು. ನಾನು ತಲುಪುವಷ್ಟರಲ್ಲಿ ನನ್ನ ಸುತ್ತು ಮುಗಿದಿತ್ತು. ಬಾರದವಳು ಸೋತಳು ಎಂದು ಬರೆದುಕೊಂಡಿದ್ದರು. ಆಶ್ಚರ್ಯವೆಂದರೆ ಯಾರ ಜೊತೆಯೂ ವಾದಕ್ಕೆ ನಿಲ್ಲಬೇಕು ಅನ್ನಿಸಲಿಲ್ಲ.

ಸಂಜೆ ಮನೆಯಲ್ಲಿ ಅಮ್ಮ ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿದ್ದರು. "ಅಮ್ಮಾ, ಪಾರಿಜಾತ ಗೇಟಿನ ಯಾವ ಕಡೆ ಇತ್ತು?"

"ಎಡಗಡೆ. ಯಾಕೆ ಪುಟ್ಟಿ?"

ಸೋಫಾದಿಂದ ಅಪ್ಪ, "ಬಲಗಡೆ ಕಣೇ. ನನ್ನ ಸ್ಕೂಟರ್ ಸೀಟ್ ಮೇಲೆ ಹೂ ಉದುರ್ತಿತ್ತು" ಎಂದರು.

"ನಿಮ್ಮ ಸ್ಕೂಟರ್ ನಿಲ್ತಾ ಇದ್ದಿದ್ದೇ ಎದುರು ಮನೆ ಮುಂದೆ, ರೀ!"

ಬೇರೆ ದಿನವಾಗಿದ್ದರೆ ಇಬ್ಬರನ್ನೂ ಕೂರಿಸಿ ಸಾಕ್ಷಿ ಕೇಳುತ್ತಿದ್ದೆ. ಅವತ್ತು, "ಎಡಗಡೆ ಅಂತಾನೇ ಇರ್ಲಿ ಅಪ್ಪಾ. ಯಾರೇ ಕೇಳಿದರೂ ಎಲ್ಲರೂ ಎಡಗಡೆ ಅಂತಾನೇ ಹೇಳೋಣ" ಎಂದೆ. ಅಪ್ಪ ಪೇಪರಿನ ಮೇಲಿಂದ ನನ್ನನ್ನೇ ನೋಡಿದರು.

ಈಗ ನಾನು ವಿದ್ಯಾರ್ಥಿ ವೀಸಾದಲ್ಲಿ ಇಲ್ಲೇ ಇದ್ದೇನೆ. ಓದು ಮುಗಿದ ಮೇಲೆ ಏನೆಂದು ಗೊತ್ತಿಲ್ಲ. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆಗೆ ಮೈಸೂರಿಗೆ ಹೋಗಿ ನೋಡಿಲ್ಲ. ಆದರೆ ಕೆಲವು ಬೆಳಗಿನ ಜಾವ ಕನಸಿನಲ್ಲಿ ಆ ಗೇಟು ತೆರೆಯುತ್ತೇನೆ. ನೆಲವೆಲ್ಲ ಬಿಳಿ ಹೂ. ನಾನು ಬರಿಗಾಲಲ್ಲಿದ್ದೇನೆ, ಪಾರಿಜಾತ ಎಡಕ್ಕಿದೆ.