ಅಂಟು ಒಣಗದ ಪುಸ್ತಕ

ತೀರ್ಪು ಹೇಳಲು ಲೈಬ್ರರಿಯಮ್ಮ ಎದ್ದರೆ, ಮಕ್ಕಳ ಪುಟ್ಟ ಕುರ್ಚಿಯೂ ಅವರನ್ನು ಬಿಡದೆ ಜೊತೆಗೇ ಎದ್ದಿತು. ಅದನ್ನು ಕಳಚಿಟ್ಟು, ಎಂದಿನಂತೆ ಎಲ್ಲರಿಗೂ ಹೂಂಗುಟ್ಟಿದರು. ಊರುಗಳೇ ಮುಗಿದ ಕಡೆ ಕಾಡು ಕಡಿದು ಮನೆ ಕಟ್ಟಿದ ಹಳೆಗಾಲದ ಕುಟುಂಬವೊಂದರ ಕಥೆಯಿರುವ ಮಕ್ಕಳ ಕಾದಂಬರಿಯ ಮೇಲೆ ಓದಲು ಬರುವ ಅಜ್ಜಿಗೂ ಮೇಷ್ಟ್ರಿಗೂ ಜಗಳ. "ಮಕ್ಕಳು ಕಷ್ಟ ಅಂದ್ರೇನು ಅಂತ ಕಲೀತಾರೆ," ಎಂದರು ಅಜ್ಜಿ. "ನಿಜ ಅಜ್ಜಿ." "ಮೊದಲೇ ಅಲ್ಲಿದ್ದವರನ್ನ ಕಳ್ಳರ ಹಾಗೆ ತೋರಿಸಿದೆ, ಕಪಾಟಿನಿಂದ ತೆಗೀರಿ," ಎಂದರು ಮೇಷ್ಟ್ರು. "ಅದೂ ನಿಜ ಮೇಷ್ಟ್ರೇ." ಹರಿದು ಬಂದ ಪುಸ್ತಕಕ್ಕೆ, ಮಗುವಿನ ಮಂಡಿಗೆ ಪಟ್ಟಿ ಕಟ್ಟುವಂತೆ ಅಂಟು ಹಚ್ಚುವ ಅವರಿಗೆ ಯಾವುದನ್ನೂ ಹೊರಹಾಕುವ ಎದೆಯಿಲ್ಲ. ಅಷ್ಟರಲ್ಲಿ, ಮೇಷ್ಟ್ರು ಅದೇ ಪುಸ್ತಕವನ್ನು ಬಗಲಲ್ಲಿ ಭದ್ರವಾಗಿ ಅವಚಿಕೊಂಡಿರುವುದು ಕಂಡು ಲೈಬ್ರರಿಯಮ್ಮನ ಜೀವ ಹಗುರಾಯಿತು. "ನೀವೂ ಓದಿದೀರಲ್ಲ, ನಿಮಗೇನನ್ನಿಸ್ತು ಹೇಳಿ," ಮೇಷ್ಟ್ರು ಪಟ್ಟು ಹಿಡಿದರು. "ಅಂಟಿಸಿದೀನಿ, ಓದಿಲ್ಲ. ಅಂಟು ಒಣಗೋಕೆ ಮುಂಚೆ ನಿಮ್ಮಿಬ್ಬರಲ್ಲಿ ಒಬ್ಬರು ತಗೊಂಡು ಹೋಗಿರ್ತೀರಿ."