ಎದ್ದು ನಿಲ್ಲದ ಜೆರೂಷಾ

ಹುಟ್ಟು, ಮದುವೆಗಳನ್ನು ಬರೆದಿಡುವ ನಮ್ಮ ಮನೆತನದ ಬೈಬಲ್ಲಿನ ಮೊದಲ ಪುಟದ ಪ್ರಕಾರ, ನಮ್ಮ ಮುತ್ತಜ್ಜಿಯರ ಮುತ್ತಜ್ಜಿ ಜೆರೂಷಾ ಪ್ರ್ಯಾಟ್‌ಳ ಮದುವೆ ೧೭೭೧ರ ನವೆಂಬರಿನಲ್ಲಿ. ಚೊಚ್ಚಲ ಮಗ ರೂಬೆನ್ ಹುಟ್ಟಿದ್ದು ಮರುವರ್ಷದ ಆಗಸ್ಟಿನಲ್ಲಿ. ಬೆರಳು ಮಡಿಚಿ ಎಣಿಸಿದರೆ ಒಂಬತ್ತು ತಿಂಗಳು. ಎಂಬತ್ತು ದಾಟಿದ ನನ್ನ ವಿನಿಫ್ರೆಡ್ ಅತ್ತೆಗೆ ಈ ಒಂಬತ್ತು ತಿಂಗಳ ಬಗ್ಗೆ ಬಲು ಹೆಮ್ಮೆ.

ಈ ಬೇಸಿಗೆಯಲ್ಲಿ ಮನೆತನದವರೆಲ್ಲ ಮ್ಯಾಸಚೂಸೆಟ್ಸ್‌ನ ನಮ್ಮೂರಿನಲ್ಲಿ ಸೇರುವಾಗ ಹಂಚಲು ಒಂದು ಪುಸ್ತಕ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಊರ ಕಚೇರಿಯ ಹಳೆಯ ದಾಖಲೆ ತೆಗೆಸಿ ನೋಡಿದರೆ ಮದುವೆ ನಡೆದದ್ದು ೧೭೭೨ರ ಫೆಬ್ರವರಿಯಲ್ಲಿ! ಬೈಬಲ್ಲಿನ ಪುಟವನ್ನು ಬೆಳಕಿಗೆ ಎತ್ತಿ ಹಿಡಿದೆ. ತಾರೀಖಿನ ಜಾಗವನ್ನು ಯಾರೋ ಚಾಕುವಿನಿಂದ ಹೆರೆದು, ಬೇರೆ ಶಾಯಿಯಲ್ಲಿ ಬರೆದಿದ್ದರು. ಅತ್ತೆಗೆ ತೋರಿಸಿದೆ.

"ಆಮೇಲಿನ ತಲೆಮಾರಿನ ಯಾರೋ ಅಜ್ಜಿ ಮಾಡಿರ್ತಾಳೆ. ಮಾನವಂತೆ ಅವಳು," ಅಂದಳು ಅತ್ತೆ. "ಸತ್ತು ಇನ್ನೂರು ವರ್ಷ ಆದವಳ ಮರ್ಯಾದೆನ ಬೀದಿಗೆ ಎಳೀತೀಯಲ್ಲೇ, ನಾಚಿಕೆ ಆಗಲ್ವಾ? ಪುಸ್ತಕದಲ್ಲಿ ನವೆಂಬರ್ ಅಂತಾನೇ ಇರ್ಬೇಕು."

"ಸುಳ್ಳು ಬರೆಯೋಕೆ ಬೇರೆ ಯಾರನ್ನಾದ್ರೂ ನೋಡ್ಕೋ ಅತ್ತೆ," ಎಂದು ಎದ್ದು ಬಂದೆ.

ಸಿಟ್ಟಿನಲ್ಲೇ ಚರ್ಚಿನ ಹಳೆಯ ದಾಖಲೆ ಪುಸ್ತಕ ಹುಡುಕಲು ಹೋದೆ. ಆ ಕಾಲದಲ್ಲಿ ಮದುವೆಯಾಗಿ ಏಳು ತಿಂಗಳೊಳಗೆ ಮಗುವಾದರೆ ಗಂಡಹೆಂಡಿರಿಬ್ಬರೂ ಭಾನುವಾರದ ಆರಾಧನೆಯಲ್ಲಿ ಎದ್ದು ನಿಂತು, ಊರೆದುರು ತಪ್ಪೊಪ್ಪಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಮಕ್ಕಳಿಗೆ, ತಲೆಗೆ ನೀರು ಹಾಕಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನವಿಲ್ಲ. ಗಂಡ ಅಬ್ನರ್ ಎದ್ದ, ಒಪ್ಪಿಕೊಂಡ, ಕೂತ. ಜೆರೂಷಾ ಏಳಲಿಲ್ಲ. ಮುಂದಿನ ಭಾನುವಾರವೂ ಬಂದು ಹಿಂದಿನ ಬೆಂಚಿನಲ್ಲಿ ಕೂತಳು, ಏಳಲಿಲ್ಲ. ಹೀಗೆ ಹನ್ನೊಂದು ವರ್ಷ, ನಾಲ್ಕು ಮಕ್ಕಳು. ಮನೆಯಲ್ಲೇ ಉಳಿದಿದ್ದರೆ ಊರು ಅವಳನ್ನು ಮರೆಯುತ್ತಿತ್ತೋ ಏನೋ. ಪ್ರತಿ ವಾರ ಬಂದು ಕೂರುತ್ತಿದ್ದಳಲ್ಲ, ಅದೇ ಅವರ ಮೈ ಉರಿಸುತ್ತಿತ್ತು. ಓದುತ್ತಾ ಓದುತ್ತಾ ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು.

೧೭೮೩ರಲ್ಲಿ ಊರಿಗೆ ಮಕ್ಕಳನ್ನು ಬಲಿ ತೆಗೆದುಕೊಳ್ಳುವ ಗಂಟಲುಬೇನೆ ಬಂತು. ಅವಳ ನಾಲ್ಕು ವರ್ಷದ ಮಗಳು ಹ್ಯಾನಾ ಹಾಸಿಗೆ ಹಿಡಿದಳು. ಪಾದ್ರಿಯ ಜೊತೆ ಅವರ ಮನೆಗೆ ಹೋಗಿದ್ದ ಸಭೆಯ ಹಿರಿಯನೊಬ್ಬ ಅಲ್ಲಿ ನಡೆದ ಮಾತನ್ನು ಅದೇ ಪುಸ್ತಕದಲ್ಲಿ ಹಾಗೆಯೇ ಬರೆದಿಟ್ಟಿದ್ದಾನೆ.

"ತಪ್ಪಾಯ್ತು ಅಂತ ಒಂದು ಮಾತು ಹೇಳಮ್ಮ. ನೀರು ತಂದಿದೀನಿ," ಅಂದರು ಪಾದ್ರಿ.

"ದೇವರ ಹತ್ರ ಹೇಳ್ಕೊಂಡಾಗಿದೆ. ಅವನೇನೂ ಊರನ್ನ ಕರ್ಕೊಂಡು ಬಾ ಅನ್ಲಿಲ್ಲ."

"ಮಗು ಉಳಿಯಲ್ಲ, ಜೆರೂಷಾ."

"ಮಗು ಏನು ತಪ್ಪು ಮಾಡಿದೆ? ಹಾಕೋದಾದ್ರೆ ನೀರು ಹಾಕಿ. ಇಲ್ಲಾಂದ್ರೆ ಆ ಕುರ್ಚಿ ಬಿಟ್ಟೇಳಿ, ನಾನು ನನ್ನ ಮಗಳ ಪಕ್ಕ ಕೂರ್ಬೇಕು."

ಪಾದ್ರಿ ನೀರಿನ ಬಟ್ಟಲು ಎತ್ತಿಕೊಂಡು ಹೊರಟರು. ಹ್ಯಾನಾ ಮರುದಿನ ತೀರಿಕೊಂಡಳು. ಆ ಭಾನುವಾರವೂ ಜೆರೂಷಾ ಹಿಂದಿನ ಬೆಂಚಿನಲ್ಲಿದ್ದಳು, ಏಳಲಿಲ್ಲ. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ಇನ್ನೂ ತೂಗುತ್ತಲೇ ಇದ್ದೇನೆ. ಆ ಪಾದ್ರಿಯ ಮೇಲಿನ ನನ್ನ ಸಿಟ್ಟಂತೂ ಇನ್ನೂ ಇಳಿದಿಲ್ಲ.

ಅದನ್ನೆಲ್ಲ ನಕಲು ಮಾಡಿಕೊಂಡು ಬಂದು ಅತ್ತೆಯ ಮುಂದಿಟ್ಟೆ. ಅವಳು ಎರಡು ಸಲ ಓದಿದಳು.

"ಹ್ಯಾನಾನಾ? ಯಾರೇ ಇದು? ಬೈಬಲ್ಲಲ್ಲಿ ಇರೋದು ಮೂರೇ ಮಕ್ಕಳು."

ಪುಟ ತೆರೆದೆವು. ಎರಡನೆಯ ಹೆಸರಿಗೂ ಮೂರನೆಯ ಹೆಸರಿಗೂ ನಡುವೆ ಒಂದು ಸಾಲು ಖಾಲಿ ಇತ್ತು. ಅತ್ತೆ ಅದರ ಮೇಲೆ ಬೆರಳಾಡಿಸಿದಳು. ಅಲ್ಲಿಯೂ ಕಾಗದ ತೆಳ್ಳಗಾಗಿತ್ತು.

"ತಾರೀಖು ಹೆರೆದವಳೇ ಇದನ್ನೂ ಹೆರೆದಿದಾಳೆ," ಅಂದೆ. "ದೀಕ್ಷಾಸ್ನಾನ ಇಲ್ದೆ ಸತ್ತ ಮಗು ಇದ್ರೆ, ಯಾಕೆ ಏನು ಅಂತ ಜನ ಕೇಳ್ತಾರಲ್ಲ."

ಅತ್ತೆ ಪುಟದಿಂದ ಬೆರಳು ಹಿಂದಕ್ಕೆಳೆದುಕೊಂಡಳು. "ಮರ್ಯಾದೆ ಉಳಿಸ್ಕೊಳ್ಳೋಕೆ ನಾಲ್ಕು ವರ್ಷದ ಕೂಸನ್ನೇ ಇಲ್ಲ ಅನ್ನಿಸಿಬಿಟ್ಲಾ? ಇಂಥವಳನ್ನ ನಾನು ಮಾನವಂತೆ ಅಂದ್ನಲ್ಲೇ!"

ಪೆನ್ನು ಕೇಳಿ ಇಸಕೊಂಡು, ಆ ಖಾಲಿ ಸಾಲಿನಲ್ಲಿ ಹ್ಯಾನಾಳ ಹೆಸರು ಬರೆದಳು. ಆಮೇಲೆ ಪೆನ್ನನ್ನು ನನ್ನ ಕಡೆ ನೂಕಿದಳು.

"ಇಲ್ಲೂ ನಿನ್ನ ಪುಸ್ತಕದಲ್ಲೂ ಫೆಬ್ರವರಿ ಅಂತ ದಪ್ಪಕ್ಕೆ ಬರಿ. ಕೇಳೋರು ಯಾರಿದ್ರೂ ನನ್ನ ಹತ್ರ ಬರ್ಲಿ."